ಇಪ್ಪತ್ತೇಳನೇ ನಂಬರಿನ ಕೆಂಪು

ನಮ್ಮ ಮಾವನ ಕಣ್ಣಿನಲ್ಲಿ ದೋಷವಿದೆ ಎಂದು ಇಡೀ ಕಾರ್ಖಾನೆಯನ್ನು ನಂಬಿಸಿದವನು ನಾನು. ಬೇಕೆಂದೇ ಮಾಡಿದ್ದಲ್ಲ. ಬೇಕೆಂದು ಏನನ್ನಾದರೂ ಮಾಡಿ ಮುಗಿಸುವಷ್ಟು ತಲೆ ನನಗಿದ್ದಿದ್ದರೆ, ನನಗೊಂದು ಕೆಲಸ ಕೊಡಿಸು ಎಂದು ಅಮ್ಮ ತನ್ನ ಅಣ್ಣನ ಬೆನ್ನು ಹತ್ತಬೇಕಾಗುತ್ತಿರಲಿಲ್ಲ.

ಆ ಅಣ್ಣನೇ ಮಾವ. ಕೈಯಲ್ಲಿ ಹೆಣೆಯುವವರಿಗಾಗಿ ಉಣ್ಣೆ ನೂಲಿಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷದಿಂದ ಹಂಡೆಯ ಮುಂದೆ ನಿಂತವನು. ಬಣ್ಣದ ಪುಡಿಯನ್ನು ತಕ್ಕಡಿಯಲ್ಲಿ ತೂಗುತ್ತಾನೆ ನಿಜ, ಆದರೆ ಕೊನೆಯ ಚಿಟಿಕೆ ಯಾವಾಗಲೂ ಕಣ್ಣಳತೆಯದು. ಹಂಡೆಯಿಂದ ಒಂದೆಳೆ ನೂಲು ಎತ್ತಿ, ಹಿಂಡಿ, ಒಲೆಯ ಬಿಸಿಗೆ ಹಿಡಿದು ಒಣಗಿಸಿ, ತೇವ ಉಳಿದಿದೆಯೇ ಎಂದು ಕೆಳತುಟಿಗೆ ತಾಗಿಸಿ ನೋಡಿ, ಆಮೇಲೆ ಬಾಗಿಲ ಹೊಸ್ತಿಲಲ್ಲಿ ನಿಲ್ಲುತ್ತಾನೆ. ಒದ್ದೆ ನೂಲು ಸುಳ್ಳು ಹೇಳುತ್ತದೆ, ದೀಪದ ಬೆಳಕು ಅದಕ್ಕಿಂತ ದೊಡ್ಡ ಸುಳ್ಳು ಹೇಳುತ್ತದೆ ಎನ್ನುವುದು ಅವನ ವಾದ. ಹೊಸ್ತಿಲಲ್ಲಿ ಅವನು "ಹೂಂ" ಎಂದರೆ ಆ ಬಣ್ಣ ಆಯಿತು. ಅರ್ಧ ಸ್ವೆಟರ್ ಹೆಣೆದು ನೂಲು ಸಾಲದೆ ಹೋದವರು ಎರಡು ವರ್ಷ ಬಿಟ್ಟು ಬಂದರೂ ಅದೇ ಬಣ್ಣದ ಲಡಿ ಸಿಗುತ್ತದೆ ಎಂಬ ಹೆಸರು ಕಾರ್ಖಾನೆಗೆ ಬಂದದ್ದು ಈ "ಹೂಂ"ನಿಂದ.

ಮನೆಯಲ್ಲಿ ಮಾತ್ರ ಈ ಕಣ್ಣು ದೊಡ್ಡ ಕಾಟ. ಗೋಡೆಗಳೆಲ್ಲ ಬಿಳಿ. "ಮನೆಗೆ ಬಂದ್ಮೇಲೆ ಕಣ್ಣಿಗೂ ರಜಾ ಬೇಡ್ವಾ?" ಎನ್ನುತ್ತಾನೆ. ಟೊಮೆಟೊ ಕೊಳ್ಳಲು ಹೋದರೆ ಒಂದೊಂದನ್ನೇ ಬೆಳಕಿಗೆ ಹಿಡಿದು ಜೋಡಿ ಮಾಡುತ್ತಾ ನಿಲ್ಲುತ್ತಾನೆ. "ಅದನ್ನ ಬೇಯಿಸೋದು ಕಣ್ರೀ, ಹೆಣೆಯೋದಲ್ಲ!" ಎಂದು ಅತ್ತೆ ಅಂಗಡಿಯಲ್ಲೇ ಕೂಗುತ್ತಾಳೆ.

ನನ್ನ ಕೆಲಸ ಲಡಿಗಳ ಫೋಟೋ ತೆಗೆದು ಇಂಟರ್‌ನೆಟ್ಟಿನಲ್ಲಿರುವ ನಮ್ಮ ಅಂಗಡಿಗೆ ಹಾಕುವುದು. ಮೊದಲ ತಿಂಗಳು ಇದ್ದದ್ದನ್ನು ಇದ್ದ ಹಾಗೆ ತೆಗೆದೆ. ಒಂದು ನೊಣವೂ ಬಂದು ಕೂರಲಿಲ್ಲ. ಆಮೇಲೆ ನನಗೆ ಫಿಲ್ಟರುಗಳ ರುಚಿ ಹತ್ತಿತು. ಬೂದು ಲಡಿಯ ಸುತ್ತ ಹಿಮ ಸುರಿಸಿದೆ. ಬಿಳಿ ಲಡಿಯನ್ನು ಮೋಡದ ಮೇಲೆ ಮಲಗಿಸಿದೆ. ಹಸಿರು ಲಡಿ ಬಿಚ್ಚಿಕೊಂಡು ನದಿಯಾಗಿ ಹರಿಯಿತು, ಅದರಲ್ಲಿ ಸೂಜಿಗಳು ದೋಣಿಯಾದವು. ಮೆಚ್ಚುಗೆ ಸುರಿಯಿತು. ಪಾರ್ಸೆಲ್ ಕಟ್ಟುವ ಅಕ್ಕ, "ಏನ್ ಕಲಾವಿದರೇ, ಊಟಕ್ಕೂ ಫಿಲ್ಟರ್ ಹಾಕ್ಕೊಂಡೇ ತಿಂತೀರಾ?" ಎಂದು ಕೇಳಿದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಹಿಮ, ಮೋಡಗಳಿಂದ ಯಾರಿಗೂ ತೊಂದರೆ ಇರಲಿಲ್ಲ. ನೂಲು ನದಿಯಾಗಿ ಹರಿಯುತ್ತದೆ ಎಂದು ನಂಬಿ ಯಾರೂ ದುಡ್ಡು ಕಳಿಸುವುದಿಲ್ಲ. ತೊಂದರೆ ಕೊಟ್ಟದ್ದು ಎಲ್ಲದರ ಮೇಲೂ ನಾನು ಎಳೆಯುತ್ತಿದ್ದ ಒಂದು ತೆಳು ಪದರ. ನೆರಳಿಗೆ ಚೂರು ನೀಲಿ, ಬೆಳಕಿಗೆ ಚೂರು ಚಿನ್ನ, ಬಣ್ಣಕ್ಕೆ ಧಾರಾಳವಾಗಿ ಕೊಬ್ಬು. ಅದಕ್ಕೆ 'ಮಾಯೆ' ಎಂದು ಹೆಸರಿಟ್ಟು, ಕ್ಯಾಮೆರಾ ತೆರೆದ ಕೂಡಲೇ ತಾನೇ ಬಂದು ಕೂರುವ ಹಾಗೆ ಫೋನಿನಲ್ಲಿ ಕಟ್ಟಿ ಹಾಕಿದ್ದೆ. ಮಾವನ ಬಣ್ಣಗಳಲ್ಲಿ ಇಪ್ಪತ್ತೇಳನೇ ನಂಬರು ಸಂಜೆ ಬಿಸಿಲು ಬಿದ್ದ ಇಟ್ಟಿಗೆಯಂಥ, ಸದ್ದಿಲ್ಲದ ಕೆಂಪು. ಮಾಯೆಯೊಳಗೆ ಅದು ಊದಿದ ಕೆಂಡ. ಇದ್ದಬದ್ದ ಇಪ್ಪತ್ತೇಳೆಲ್ಲ ಒಂದೇ ವಾರದಲ್ಲಿ ಖಾಲಿಯಾಯಿತು.

ಮುಂದಿನ ವಾರ ಹತ್ತೊಂಬತ್ತು ಪಾರ್ಸೆಲ್ ವಾಪಸು ಬಂದವು. ಒಂದರಲ್ಲಿ ಮಗುವಿನ ಸ್ವೆಟರಿನ ಅರ್ಧ ಹೆಣೆದ ತೋಳೂ ಇತ್ತು, ಜೊತೆಗೊಂದು ಚೀಟಿ: "ಕಂಡದ್ದು ಕೆಂಡ, ಕಳಿಸಿದ್ದು ಇಟ್ಟಿಗೆ. ನಿಮಗೆ ನಾಚಿಕೆಯಾಗಬೇಕು."

ಯಜಮಾನರು ಮಾವನನ್ನು ಅಂಗಳಕ್ಕೆ ಕರೆದು, ಎಲ್ಲರೆದುರು ಒಂದು ಲಡಿಯನ್ನು ಅವನ ಕಾಲ ಬಳಿ ಎಸೆದರು.

"ಏನ್ರೀ ಇದು? ಕೆಂಪು ಹಾಕಿ ಅಂದ್ರೆ ಮಣ್ಣು ಬಳಿದು ಕೊಡ್ತೀರಾ? ಕಣ್ಣು ಮಂಜಾಗಿದ್ರೆ ಬಾಯಿಬಿಟ್ಟು ಹೇಳಿ. ಹಂಡೆಗೆ ಬೇರೆಯವರನ್ನ ನೋಡ್ಕೋತೀನಿ."

ಮಾವ ಬಗ್ಗಿ ಲಡಿ ಎತ್ತಿಕೊಂಡು ಹೊಸ್ತಿಲಿಗೆ ಹೋಗಿ ನೋಡಿದ. "ಇದು ಇಪ್ಪತ್ತೇಳೇ ಅಲ್ವಾ, ಸಾರ್" ಎಂದ. ಅಷ್ಟು ಸಣ್ಣ ದನಿ ಅವನಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ಕಾರಣ ಗೊತ್ತಿದ್ದವನು ಆ ಅಂಗಳದಲ್ಲಿ ಒಬ್ಬನೇ. ಅವನ ಜೇಬಿನಲ್ಲಿ ಫೋನು ಇತ್ತು, ಬಾಯಲ್ಲಿ ನಾಲಿಗೆಯೂ ಇತ್ತು. ಕಲಾವಿದರು ಫೋನು ತೆಗೆದು ಏನೋ ಅವಸರದ ಕೆಲಸವಿರುವವರ ಹಾಗೆ ತಲೆ ತಗ್ಗಿಸಿದರು.

ಮಾವ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಯಜಮಾನರನ್ನು ನಂಬಿದ. ಕಣ್ಣಿನ ಡಾಕ್ಟರ ಬಳಿ ಹೋದ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿಸಿಟ್ಟ ಪುಸ್ತಕವನ್ನು ಅವರು ಮುಂದಿಟ್ಟರೆ ಎಲ್ಲ ಹಾಳೆಯನ್ನೂ ತಡವರಿಸದೆ ಓದಿದ. ಏನೂ ದೋಷವಿಲ್ಲ ಎಂದು ಕಳಿಸಿದರು. "ಡಾಕ್ಟರಿಗೆ ಚುಕ್ಕೆ ಗೊತ್ತು, ನೂಲು ಗೊತ್ತಾ?" ಎಂದು ಅತ್ತೆಯ ಮೇಲೆ ರೇಗಿದನಂತೆ. ಇಪ್ಪತ್ತೇಳನ್ನು ಮೂರು ಸಲ ಹೊಸದಾಗಿ ಹಾಕಿದ. ಹೊಸ್ತಿಲಲ್ಲಿ ನಿಂತವನ ಬಾಯಿಂದ "ಹೂಂ" ಬರುತ್ತಿರಲಿಲ್ಲ. ಪಾರ್ಸೆಲ್ ಅಕ್ಕನನ್ನು ಕರೆದು, "ಇದು ನಿಂಗೆ ಹೆಂಗೆ ಕಾಣುತ್ತಮ್ಮ?" ಎಂದು ಕೇಳುತ್ತಿದ್ದ. ಜನ್ಮದಲ್ಲಿ ಯಾರನ್ನೂ ಬಣ್ಣ ಕೇಳದವನು. ಹೀಗೆ ಹನ್ನೊಂದು ದಿನ. ಆ ಹನ್ನೊಂದು ದಿನವೂ ನಾಳೆ ಹೇಳಿದರಾಯಿತು ಎಂದುಕೊಂಡು ನಾನು ಹೊಟ್ಟೆ ತುಂಬ ಉಂಡೆ.

ಹನ್ನೆರಡನೇ ದಿನ ಯಜಮಾನರು ನನ್ನನ್ನು ಕರೆದರು. "ನಿಮ್ಮ ಮಾವನ ಒಂದು ವಿಡಿಯೋ ಮಾಡಪ್ಪ. ಕೈಯಲ್ಲಿ ಲಡಿ ಹಿಡ್ಕೊಂಡು, 'ನನ್ನ ಕಣ್ಣಿನ ದೋಷದಿಂದ ತಪ್ಪಾಯ್ತು, ಕ್ಷಮಿಸಿ' ಅಂತ ಹೇಳ್ಲಿ. ಜನರ ಮನಸ್ಸು ಕರಗುತ್ತೆ. ಆಮೇಲೆ ಅವರನ್ನ ಗೋಡೌನಿಗೆ ಹಾಕ್ತೀನಿ, ಲಡಿ ಎಣಿಸ್ಕೊಂಡಿರ್ಲಿ."

ಇಲ್ಲಿ ನಾನು ಎದೆ ತಟ್ಟಿ ನಿಜ ಹೇಳಿದೆ ಎಂದು ಬರೆಯಲು ಕೈ ಕಡಿಯುತ್ತಿದೆ. ಹೇಳಲಿಲ್ಲ. ಫೋನು ಹಿಡಿದು ಹಂಡೆಯ ಕೋಣೆಗೆ ಹೋದೆ.

ಮಾವ ಕೈ ತೊಳೆದು, ಲಡಿ ಹಿಡಿದು ನಿಂತ. "ಏನು ಹೇಳ್ಬೇಕೋ?" ಎಂದ. ಹೇಳಿಕೊಟ್ಟೆ. ಎರಡು ಸಲ ಬಾಯೊಳಗೇ ಹೇಳಿಕೊಂಡು, "ತಾಳು, ಲಡಿ ಹೆಂಗೆ ಬರುತ್ತೆ ನೋಡ್ತೀನಿ" ಎಂದು ಬಂದು, ನನ್ನ ಭುಜದ ಪಕ್ಕ ನಿಂತು ಲಡಿಯನ್ನು ಕ್ಯಾಮೆರಾ ಮುಂದೆ ಚಾಚಿದ. ಪರದೆಯ ಮೇಲೆ ಕೆಂಡ ಉರಿಯಿತು.

ಪರದೆ ನೋಡಿದ. ಕೈ ನೋಡಿದ. ಲಡಿಯನ್ನು ಕ್ಯಾಮೆರಾ ಮುಂದಿನಿಂದ ತೆಗೆದ, ಮತ್ತೆ ಹಿಡಿದ.

"ಇದು ನನ್ನ ಕೈಲಿರೋ ನೂಲೇನಾ?"

"ಅದು... ಫಿಲ್ಟರ್ ಅಂತ ಮಾವ. ಸುಮ್ನೆ ಚೆಂದ ಕಾಣ್ಲಿ ಅಂತ..."

"ವಾಪಸ್ ಬಂದಿದ್ದೆಲ್ಲ ಇದನ್ನ ನೋಡಿ ಕೊಂಡಿದ್ದಾ?"

"ಹೂಂ."

"ನಿಂಗೆ ಯಾವಾಗಿಂದ ಗೊತ್ತು?"

ಹೊಡೆಯುತ್ತಾನೆ ಎಂದುಕೊಂಡೆ. ಅವನು ನನ್ನ ಕೈಯಿಂದ ಫೋನು ಕಿತ್ತುಕೊಂಡು ಅಂಗಳಕ್ಕೆ ನಡೆದ. ನಡೆಯುತ್ತಲೇ ಕೂಗಿದ: "ಎಲ್ಲಾ ಬನ್ರೋ! ಸಾರ್, ನೀವೂ ಬನ್ನಿ! ಅವತ್ತು ಎಲ್ಲಿ ನಿಂತಿದ್ರೋ ಅಲ್ಲೇ ನಿಂತ್ಕೊಳ್ಳಿ!"

ಯಜಮಾನರು ಲಡಿಯನ್ನೂ ಪರದೆಯನ್ನೂ ನೋಡಿದರು. ವ್ಯಾಪಾರಿಗೆ ನಾಚಿಕೆ ಬರಲು ಹೊತ್ತು ಬೇಕು, ಉಪಾಯ ಬರಲು ಬೇಡ. "ಸರಿ ಬಿಡಿ. ಜನಕ್ಕೆ ಈ ಕೆಂಡನೇ ಇಷ್ಟ ಅಂದ್ಮೇಲೆ ನೀವು ಇದನ್ನೇ ಹಾಕಿ ಕೊಡಿ."

"ಯಾವುದನ್ನ?"

"ಫೋನಲ್ಲಿರೋದನ್ನ."

"ಯಾವ ಫೋನಲ್ಲಿರೋದನ್ನ?" ಮಾವ ಪಾರ್ಸೆಲ್ ಅಕ್ಕನ ಫೋನು ಈಸಿಕೊಂಡ, ಯಜಮಾನರದ್ದನ್ನೂ ಕೇಳಿ ಪಡೆದ. ಮೂರರಲ್ಲೂ ಅಂಗಡಿಗೆ ಹಾಕಿದ್ದ ಇಪ್ಪತ್ತೇಳರ ಫೋಟೋ ತೆರೆಸಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಒಂದರಲ್ಲಿ ಕೆಂಡ, ಒಂದರಲ್ಲಿ ಕಿತ್ತಳೆ, ಯಜಮಾನರ ದುಬಾರಿ ಫೋನಿನಲ್ಲಿ ಹೆಚ್ಚುಕಡಿಮೆ ಗುಲಾಬಿ. "ಹೇಳಿ ಸಾರ್, ಯಾವುದನ್ನ ಹಾಕ್ಲಿ? ಮನೆಮನೆಗೂ ಹೋಗಿ ಅವರವರ ಫೋನು ನೋಡಿ ಬಣ್ಣ ಕಲಸ್ಲಾ?"

ಅಕ್ಕ ಕಿಸಕ್ಕನೆ ನಕ್ಕಳು. ಯಜಮಾನರು, "ಆಯ್ತು, ಒಳಗೆ ಬನ್ನಿ, ಕೂತು ಮಾತಾಡೋಣ" ಎಂದರು.

"ಒಳಗೆ ಯಾಕೆ? ನನ್ನ ಕಣ್ಣು ಹೋಯ್ತು ಅಂತ ಅಂದಿದ್ದು ಇಲ್ಲಿ. ಹೋಗಿಲ್ಲ ಅಂತಾನೂ ಇಲ್ಲೇ ಅನ್ನಿ."

ಅವರು ಅನ್ನಲಿಲ್ಲ. ಮಾವ ಸೀದಾ ಹಂಡೆಯ ಕೋಣೆಗೆ ಹೋಗಿ ಒಲೆ ಆರಿಸಿದ. ಒಳಗೆ ಕುದಿಯುತ್ತಿದ್ದದ್ದು ಆ ವಾರದ ದೊಡ್ಡ ಆರ್ಡರಿನ ನೀಲಿ, ನಲವತ್ತು ಲಡಿ. ಬಣ್ಣ ಪೂರ್ತಿ ಹೀರಿಕೊಳ್ಳುವ ಮೊದಲೇ ನೀರು ಆರಿದರೆ ನೂಲಿನ ತುಂಬ ತೇಪೆ. ಅದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಾವ ಹೊಸ್ತಿಲಲ್ಲಿ ಕೈಕಟ್ಟಿ ನಿಂತ. ಹಂಡೆಯ ಉಗಿ ತೆಳ್ಳಗಾಗುತ್ತಾ ಬಂತು. ಯಜಮಾನರು ಉಗಿ ನೋಡಿದರು, ನಮ್ಮನ್ನು ನೋಡಿದರು, ನೆಲ ನೋಡಿದರು.

"ನಿಮ್ಮ ಕಣ್ಣಲ್ಲಿ ದೋಷ ಇಲ್ಲ ಕಣ್ರೀ."

"ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ."

"ಇವರ ಕಣ್ಣಲ್ಲಿ ದೋಷ ಇಲ್ಲ! ತಪ್ಪು ಆಗಿದ್ದು ನಮ್ಮ ಫೋಟೋದಲ್ಲಿ! ಸಾಕಾ?"

ಮಾವ ಒಲೆ ಹಚ್ಚಿದ. ನೀಲಿ ಉಳಿಯಿತು.

ಯಜಮಾನರ ಸಿಟ್ಟು ಅವತ್ತೇ ಇಳಿಯಿತು. ವಿಡಿಯೋದಲ್ಲಿ ಕ್ಷಮೆ ಕೇಳಿದ್ದು ನಾನು, ಅದಕ್ಕೂ ಜನ ಕರಗಿದರು. ಮಾವನ ಸಿಟ್ಟು ಇಳಿದಿಲ್ಲ. ಅಮ್ಮ ಹೋಗಿ ಅತ್ತಳು. "ಸಾರ್ ಬೈದಿದ್ದು ಗೊತ್ತಿಲ್ದೆ. ನಿನ್ನ ಮಗ ಹನ್ನೊಂದು ದಿನ ಗೊತ್ತಿದ್ದೂ ನನ್ನನ್ನ ನೋಡ್ತಾ ಕೂತಿದ್ದ" ಎಂದು ಕಳಿಸಿದ. ಹುಟ್ಟಿದಾಗಿನಿಂದ ನನ್ನನ್ನು "ಲೋ" ಎಂದೇ ಕರೆದವನು ಈಗ "ಫೋಟೋದವರೇ" ಎನ್ನುತ್ತಾನೆ, "ನೀವು" ಎನ್ನುತ್ತಾನೆ. ಕೆನ್ನೆಗೆ ಬಾರಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಈಗ ನೂರಾ ಹನ್ನೆರಡು ಫೋಟೋಗಳನ್ನೂ ಹೊಸದಾಗಿ ತೆಗೆಯುತ್ತಿದ್ದೇವೆ. ಮಾಯೆಯನ್ನು ಅಳಿಸಿದರೆ ಸಾಕು ಎಂದುಕೊಂಡಿದ್ದೆ. ಸಾಲಲಿಲ್ಲ; ಬರಿಯ ಕ್ಯಾಮೆರಾ ಕೂಡ ಕೆಂಪನ್ನು ಸರಿಯಾಗಿ ಹಿಡಿಯುವುದಿಲ್ಲವೆಂದು ಮಾವ ಮೊದಲ ಫೋಟೋದಲ್ಲೇ ಕಂಡುಹಿಡಿದ. ಹಾಗಾಗಿ ಅದೇ ಫಿಲ್ಟರುಗಳು, ಅದೇ ಗುಂಡಿಗಳು. ನಾನು ಹೊಸ್ತಿಲಲ್ಲಿ ಸ್ಟೂಲು ಹಾಕಿ ಕೂತು ಒಂದೊಂದನ್ನೇ ಎಳೆಯುತ್ತೇನೆ, ಅವನು ಲಡಿಯನ್ನು ಪರದೆಯ ಪಕ್ಕ ಹಿಡಿದು ನನ್ನ ಬೆನ್ನ ಹಿಂದೆ ನಿಲ್ಲುತ್ತಾನೆ. ದಿನಕ್ಕೆ ಮೂರು ಫೋಟೋ ಆದರೆ ಹೆಚ್ಚು. ನಿನ್ನೆ ಇಪ್ಪತ್ತೇಳರ ಸರದಿ. ಬೆಳಿಗ್ಗೆ ಶುರು ಮಾಡಿದ್ದು ಊಟದ ಹೊತ್ತಾದರೂ ಮುಗಿಯಲಿಲ್ಲ.

"ಹಸಿವಾಗ್ತಿದೆ ಮಾವ. ಇಷ್ಟು ಸಾಲ್ದಾ?"

"ಕೆಂಪು ಇನ್ನೂ ಅರಚ್ತಾ ಇದೆ. ಇಳಿಸಿ, ಫೋಟೋದವರೇ."