ಕೂರದ ದೊಡ್ಡಹನುಮಯ್ಯ

ನಮ್ಮತ್ತೆಗೆ ಎದೆನೋವು ಬಂದ ಬೆಳಿಗ್ಗೆ ರಾಜಾಜಿನಗರದ ನಮ್ಮ ಕ್ರಾಸಿನ ಮೂಲೆಯಲ್ಲಿ ನಾನು ಕೆಂಪು ಹೊದಿಕೆ ಬೀಸುತ್ತ ನಿಂತಿದ್ದಾಗ, ಮೊದಲು ಬಂದು ನಿಂತದ್ದು ಆಂಬುಲೆನ್ಸ್ ಅಲ್ಲ, ಸಿಟಿ ಬಸ್ಸು. “ಕೈ ತೋರ್ಸಿದ್ರೆ ಸಾಲ್ದೇನ್ರೀ, ಹಾಸಿಗೆ ಸಮೇತ ಬರ್ಬೇಕಾ?” ಎಂದ ಕಂಡಕ್ಟರ್. ಹಿಂದೆಯೇ ಆಂಬುಲೆನ್ಸೂ ಬಂತು. ಅತ್ತೆಯ ಜೀವ ಉಳಿಯಿತು, ನನ್ನ ಮರ್ಯಾದೆ ಹೋಯಿತು. ಹೊದಿಕೆ ಬೀಸಲು ಅಪ್ಪಣೆ ಕೊಟ್ಟವರು ನರ್ಸಿಂಗ್ ಹೋಮಿನಲ್ಲಿ ಫೋನ್ ಎತ್ತಿ ಗಾಡಿ ಕಳಿಸುವ ದೊಡ್ಡಹನುಮಯ್ಯ. ಅವರಿಗೊಂದು ಕುರ್ಚಿಯಿದೆ, ಅದರಲ್ಲಿ ಅವರು ಕೂತದ್ದನ್ನು ಕಂಡವರಿಲ್ಲ. ಫೋನಿನ ಗಂಟೆ ಒಂದು ಸಲ ಪೂರ್ತಿ ಬಡಿಯುವ ಮೊದಲೇ ರಿಸೀವರ್ ಕಿವಿಯಲ್ಲಿರುತ್ತದೆ. “ಅಳೋದು ಆಮೇಲೆ ತಾಯಿ, ಎದುರುಗಡೆ ಹಿಟ್ಟಿನ ಗಿರಣಿ ಇದ್ಯಾ, ಸೌದೆ ಡಿಪೋ ಇದ್ಯಾ? ಯಾವ ಬ್ಲಾಕು? ಇನ್ನೊಂದ್ಸಲ ಹೇಳಿ.” ಗಾಡಿ ಹೊರಟಿತೆಂದರೆ ಫೋನಿನಿಂದ ಗೇಟಿಗೆ, ಗೇಟಿನಿಂದ ಫೋನಿಗೆ ಓಡಾಟ. ರಜೆಯ ದಿನ ವಿಜಯನಗರದವರೆಗೆ ನಡೆದು, ಯಾವ ರಸ್ತೆ ಅಗೆದಿದ್ದಾರೆ, ಯಾವ ಅಂಗಡಿ ಬಣ್ಣ ಬದಲಿಸಿದೆ ಎಂದು ನೋಡಿಕೊಂಡು ಬರುತ್ತಾರೆ. ಮದುವೆಗೆ ಕರೆದರೂ ಛತ್ರದ ಎದುರು ಏನಿದೆ ಎಂದೇ ಕೇಳುತ್ತಾರೆ. ಈ ಮನುಷ್ಯನ ಕಾಲಿಗೆ ಚಕ್ರ ಕಟ್ಟಿದ್ದಾರೆಂದು ನಾನೂ ನಗುತ್ತಿದ್ದೆ. ಅವರು ಈ ಕೆಲಸಕ್ಕೆ ಸೇರುವ ಮುಂಚೆ, ಹೆರಿಗೆ ನೋವಿನಲ್ಲಿದ್ದ ಅವರ ಹೆಂಡತಿ ಗಾಡಿ ಕಾಯುತ್ತಲೇ ತೀರಿಕೊಂಡರೆಂದು ಮೊನ್ನೆ ಅತ್ತೆಯನ್ನು ತೋರಿಸಲು ಹೋದಾಗ ಅಲ್ಲಿನ ಆಯಾ ಅಂಜಮ್ಮ ಹೇಳಿದಳು. ಕೆಂಗೇರಿಗೆ ಹೋದ ಗಾಡಿಗಾಗಿ ಕಾಯುತ್ತ ಗೇಟಿನಲ್ಲಿ ನಿಂತಿದ್ದ ದೊಡ್ಡಹನುಮಯ್ಯನವರನ್ನು, “ಅವತ್ತು ಗಾಡಿ ಬರ್ಲೇ ಇಲ್ವಾ?” ಎಂದು ಕೇಳಿದೆ. ರಸ್ತೆಯಿಂದ ಕಣ್ಣು ತೆಗೆಯದೆ ಅಂದರು: “ಬಂತು ಸಾರ್, ಬೇಗ್ನೇ ಬಂತು. ಪಕ್ಕದ ಬ್ಲಾಕಲ್ಲಿ ಅದೇ ನಂಬರ್ ಮನೆಗೆ.”