ಅಡುಗೆಮನೆಯ ನೆಲ

ಕಲಬುರಗಿಯ ಬಿಸಿಲಿನಲ್ಲಿ ನಲವತ್ತು ವರ್ಷ ಸಂಸಾರ ಮಾಡಿದ್ದೇನೆ. ಅಲ್ಲಿ ನಮಗಿದ್ದ ಸುಖ ಎರಡೇ. ಮಣ್ಣಿನ ಕೊಡದ ನೀರು, ಶಹಾಬಾದ್ ಕಲ್ಲಿನ ನೆಲ. ಊಟವಾದ ಮೇಲೆ ನೆಲ ಒರೆಸಿ, ಬಾಗಿಲು ಮುಂದಕ್ಕೆ ಮಾಡಿ, ಹಾಸಿಗೆಯಿಲ್ಲದೆ ಒರಗಿದರೆ ಬೆನ್ನು ತಣ್ಣಗಾಗುತ್ತಿತ್ತು. ಅದನ್ನು ಸುಖ ಅಂತ ಆಗ ಯಾರೂ ಅನ್ನಲಿಲ್ಲ. ನೆಲ ಅಂದರೆ ನೆಲ, ಅಷ್ಟೆ.

ಆಮೇಲೆ ನಾವು ಬಂದು ಸೇರಿದ ಮಗನ ಫ್ಲಾಟು ಲಂಡನ್ನಿನ ವೆಂಬ್ಲಿಯಲ್ಲಿ, ಆರನೇ ಮಹಡಿಯಲ್ಲಿದೆ. ಕಿಟಕಿ ಒಂದು ಗೇಣು ಮಾತ್ರ ತೆರೆಯುತ್ತದೆ. ಕೋಣೆಗಳಿಗೆಲ್ಲ ಕಾರ್ಪೆಟ್ಟು. ಚಳಿಗೆ ಸರಿ. ಆದರೆ ಆ ಬೇಸಿಗೆ ಎಂಟು ದಿನ ಒಂದೇ ಸಮನೆ ಬಿಸಿಲು ಬಿದ್ದು ಮನೆ ರೊಟ್ಟಿ ಹಂಚಿನಂತೆ ಕಾದಿತು. ನಮ್ಮ ಮನೆಯವರಿಗೆ ಹೊಟ್ಟೆಯ ಕ್ಯಾನ್ಸರ್. ಇನ್ನು ಔಷಧದಿಂದ ಉಪಯೋಗವಿಲ್ಲ ಅಂತ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಮಗ ಸ್ವತಃ ಡಾಕ್ಟರು. ಅಪ್ಪನಿಗೆಂದು ಗುಂಡಿ ಒತ್ತಿದರೆ ಏಳುವ ಮಂಚ ತರಿಸಿದ್ದ. ಅದರ ಗಾದಿಗೆ ಪ್ಲಾಸ್ಟಿಕ್ಕಿನ ಹೊದಿಕೆ. ಬೆನ್ನಿಗೆ ಅಂಟುತ್ತಿತ್ತು.

ಒಂದು ಮಧ್ಯಾಹ್ನ ಅವರು, “ನನ್ನ ನೆಲಕ್ಕ ಮಲಗಸು” ಅಂದರು.

ಗಾಳಿ ಹಾಕುತ್ತಿದ್ದ ನನ್ನ ಕೈ ನಿಂತಿತು. ನಮ್ಮ ಕಡೆ ಕಾಯಿಲೆಯವರನ್ನು ಮಂಚದಿಂದ ನೆಲಕ್ಕೆ ಇಳಿಸುವುದು ಪ್ರಾಣ ಹೋಗುವಾಗ ಮಾತ್ರ.

“ಯಾಕ, ಟೈಮ್ ಬಂತೇನು?” ಅಂದೆ.

“ಇಲ್ಲ. ಶಕಿ ಆಗ್ಯದ, ಬೆನ್ನು ಸುಡ್ತದ.”

ಕಾರ್ಪೆಟ್ಟಿಲ್ಲದೆ ಟೈಲ್ಸು ಇದ್ದದ್ದು ಅಡುಗೆಮನೆಯಲ್ಲಿ. ಎರಡು ಸಲ ಒರೆಸಿದೆ. ಫ್ರಿಜ್ಜಿನ ಮುಂದೆ ಹಳೇ ಧೋತರ ಹಾಸಿದೆ. ಹೆಗಲು ಕೊಟ್ಟು ನಡೆಸಿಕೊಂಡು ಬಂದೆ. ತುಂಬಿದ ಕೊಡದಷ್ಟೂ ಭಾರ ಉಳಿದಿರಲಿಲ್ಲ ಅವರಲ್ಲಿ.

“ಧೋತರ ತಗಿ” ಅಂದರು. ತೆಗೆದೆ. ಬರಿಯ ಬೆನ್ನು ಟೈಲ್ಸಿಗೆ ತಾಗಿದಾಗ “ಹಾಂ” ಅಂದರು. ಹಾಗೇ ನಿದ್ದೆ ಹೋದರು.

ಡ್ಯೂಟಿ ಮುಗಿಸಿ ಬಂದ ಮಗ ಬಾಗಿಲಲ್ಲೇ ಚೀಲ ಬಿಟ್ಟ. ಮಂಡಿಯೂರಿ ಅಪ್ಪನ ನಾಡಿ ಹಿಡಿದ. ಇಷ್ಟು ಸಾವು ನೋಡಿದವನು ಎರಡೆರಡು ಸಲ ಎಣಿಸಿದ.

“ಅವ್ವಾ, ನನಗ ಫೋನ್ ಯಾಕ ಮಾಡಲಿಲ್ಲ?”

ಅವರು ಕಣ್ಣು ತೆರೆದರು. “ಸತ್ತಿಲ್ಲೋ ನಾ. ನಿದ್ದಿ ಕೆಡಿಸಬ್ಯಾಡ.”

ಮಗ ನನ್ನ ಕಡೆ ತಿರುಗಿದ. “ಮಂಚಕ್ಕ ಎತ್ತೋಣವ್ವಾ. ಅಪ್ಪನ್ನ ಹಿಂಗ ನೋಡಲಿಕ್ಕ ಆಗಲ್ಲ ನನಗ.”

“ಆಗಲಿಲ್ಲಂದ್ರ ಹೊರಗ ಕೂಡು. ಅವರ ಬೆನ್ನು ತಣ್ಣಗದ.”

ಅವನು ಹೊರಗೆ ಹೋಗಲಿಲ್ಲ. ಶೂ ಬಿಚ್ಚಿ ಅಪ್ಪನ ಕಾಲ ಬಳಿ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ತಾನೂ ಅಂಗೈಯನ್ನು ಟೈಲ್ಸಿನ ಮೇಲೆ ಊರಿ ನೋಡಿದ.

ಬಿಸಿಲು ಇರುವಷ್ಟು ದಿನ ಮಧ್ಯಾಹ್ನ ಅಲ್ಲೇ ಮಲಗಿದರು. ನಾನು ಅವರನ್ನು ಸುತ್ತಿಕೊಂಡು ಹೋಗಿ ಬೇಳೆ ಕುದಿಸುತ್ತಿದ್ದೆ. ಮಳೆ ಬಂದ ಮೇಲೆ ಮಂಚಕ್ಕೆ ಹೋದರು.

ಚಳಿ ಶುರುವಾದಾಗ ಒಂದು ದಿನ ಅವರಿಗೆ ಮೇಲುಸಿರು ಹತ್ತಿತು. ಇಂದೇ ಅಂತ ನನಗೂ ಮಗನಿಗೂ ಗೊತ್ತಾಯಿತು. ಮಗ ನನ್ನ ಮುಖ ನೋಡಿ ತಾನಾಗಿಯೇ ಕೇಳಿದ, “ನೆಲಕ್ಕ ಇಳಸೋಣೇನವ್ವಾ?”

ಹೋಗಿ ಟೈಲ್ಸು ಮುಟ್ಟಿ ಬಂದೆ.

“ಬ್ಯಾಡ,” ಅಂದೆ. “ನೆಲ ಭಾಳ ಥಂಡಿ ಅದ.”