ನನ್ನ ಮೊಮ್ಮಗಳ ಸೊನ್ನೆ

ಅಮೆರಿಕದ ಸ್ಯಾನ್ ಹೊಸೆಯಲ್ಲಿ ಒಂದು ಬಾಗಿಲಿದೆ. ಅದರ ಈಚೆಗೆ ಬಿಸಿಲು, ಆಚೆಗೆ ಹಿಮ. ಈಚೆಗೆ ನಿಂಬೆಗಿಡದ ತುಂಬ ಹಣ್ಣು ತೂಗುತ್ತಿರುತ್ತವೆ, ಜನ ಚಡ್ಡಿ ಹಾಕಿಕೊಂಡು ಆರಾಮಾಗಿ ಓಡಾಡುತ್ತಿರುತ್ತಾರೆ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಬಾಯಿಂದ ಹೊಗೆ ಬರುತ್ತದೆ. ಮೊದಲ ಸಲ ಹೋದಾಗ ನಾನು ಒಳಗೆ ಹೋದೆ, ಹೊರಗೆ ಬಂದೆ, ನಂಬಿಕೆಯಾಗದೆ ಮತ್ತೆ ಒಳಗೆ ಹೋದೆ.

"ಅವ್ವಾ, ಏನ್ ಮಾಡಾಕತ್ತೀ? ಎಲ್ಲಾರೂ ನೋಡಾಕತ್ತಾರ," ಅಂದಳು ಮಗಳು.

"ನೋಡ್ಲಿ ಬಿಡ. ಒಂದು ಹೆಜ್ಜಿಗೆ ಬ್ಯಾಸಗಿ, ಒಂದು ಹೆಜ್ಜಿಗೆ ಥಂಡಿ. ಹಿಂಗ ಎಲ್ಲಿ ಸಿಗತೈತಿ?"

ಅದು ಮಕ್ಕಳು 'ಐಸ್ ಹಾಕಿ' ಎಂಬ ಆಟ ಆಡುವ ಜಾಗ. ನನ್ನ ಮೊಮ್ಮಗಳಿಗೆ ಹತ್ತು ವರ್ಷ. ಅವಳು ತನ್ನ ತಂಡದ ಬಲೆ ಕಾಯುತ್ತಾಳೆ. ಆಟ ನನಗೆ ತಿಳಿದಷ್ಟು ಹೇಳುತ್ತೇನೆ. ಐಸಿನ ಆ ತುದಿಗೊಂದು ಬಲೆ, ಈ ತುದಿಗೊಂದು ಬಲೆ. ನಡುವೆ ಮಕ್ಕಳು ಕೋಲು ಹಿಡಿದು ಒಂದು ಕರಿ ರಬ್ಬರಿನ ಬಿಲ್ಲೆಯ ಬೆನ್ನು ಹತ್ತಿ ಜಾರುತ್ತಿರುತ್ತಾರೆ. ಎದುರಿನವರು ಆ ಬಿಲ್ಲೆಯನ್ನು ನಮ್ಮ ಬಲೆಯೊಳಗೆ ಹೊಡೆಯದ ಹಾಗೆ ನೋಡಿಕೊಳ್ಳುವುದು ನಮ್ಮ ಕೂಸಿನ ಕೆಲಸ. ಎದೆಗೆ ಕವಚ, ಕಾಲಿಗೆ ದಿಂಬಿನಷ್ಟು ದಪ್ಪನೆಯ ಪಟ್ಟಿ, ಮುಖಕ್ಕೆ ಜಾಲರಿಯ ಮುಖವಾಡ. ಎಲ್ಲ ಕಟ್ಟಿಕೊಂಡು ನಿಂತರೆ ಬಯಲಾಟದ ರಾಜನ ಪಾತ್ರ ಬಂದ ಹಾಗೆ ಕಾಣುತ್ತಾಳೆ. ಮನೆಯಲ್ಲಿ ಹಾಲಿನ ಕೆನೆ ಕಂಡರೆ ಮುಖ ತಿರುಗಿಸುವ ಹುಡುಗಿ, ಅಲ್ಲಿ ತನ್ನ ಮೇಲೆ ಹಾರಿ ಬರುವ ಬಿಲ್ಲೆಗೆ ಎದೆ ಕೊಡುತ್ತಾಳೆ. ನನಗೆ ಬರುವ ಖುಷಿಯನ್ನು ಎಲ್ಲಿಡಲಿ?

ಶನಿವಾರ ಬಂತೆಂದರೆ ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದೆವು. ಫ್ರೀವೇಯ ಮೇಲೆ ಮಂಜು ಮಲಗಿರುತ್ತಿತ್ತು. ಸರಟೋಗಾದ ಕಡೆಯ ಗುಡ್ಡಗಳು ಅರ್ಧ ಇದ್ದು ಅರ್ಧ ಇಲ್ಲದ ಹಾಗೆ ತೇಲುತ್ತಿದ್ದವು. ಅಳಿಯಂದಿರು ಕಾರು ಓಡಿಸುತ್ತಿದ್ದರು. ಕೂಸು ಹಿಂದಿನ ಸೀಟಿನಲ್ಲಿ ನನ್ನ ಭುಜಕ್ಕೆ ತಲೆ ಕೊಟ್ಟು ಇನ್ನೊಂದು ತುತ್ತು ನಿದ್ದೆ ಮಾಡುತ್ತಿದ್ದಳು. ನನ್ನ ತೊಡೆಯ ಮೇಲೆ ಕೌದಿ. ಹಳೆಯ ಸೀರೆಗಳ ತುಂಡು ಸೇರಿಸಿ ನಾನೇ ಹೊಲಿದದ್ದು. ಆ ಥಂಡಿ ಬೆಂಚಿನ ಮೇಲೆ ಅದಿಲ್ಲದೆ ಕೂರುವುದು ನನ್ನಿಂದಾಗದು.

ಆಟ ಶುರುವಾಗುವ ಮುಂಚೆ ಒಂದು ದೊಡ್ಡ ಗಾಡಿ ಬಂದು ಇಡೀ ಐಸಿನ ಮೇಲೆ ಸುತ್ತು ಹೊಡೆಯುತ್ತದೆ. ಅದು ಹೋದ ಕಡೆಯೆಲ್ಲ ಹಸಿಹಸಿ ಹೊಳಪು, ಆಗಷ್ಟೇ ಸಾರಿಸಿದ ಅಂಗಳದ ಹಾಗೆ. ಆಮೇಲೆ ಮಕ್ಕಳು ಅಲಗಿನ ಬೂಟು ಕಟ್ಟಿಕೊಂಡು ಇಳಿದು ಅದರ ಮೇಲೆ ರಂಗೋಲಿ ಎಳೆಯುತ್ತಾರೆ. ಚುಕ್ಕಿಯಿಲ್ಲ, ಲೆಕ್ಕವಿಲ್ಲ, ಬರೀ ಬಳ್ಳಿ. ಮೊರದಲ್ಲಿ ಅಕ್ಕಿ ಕೇರುವಾಗ ಬರುತ್ತದಲ್ಲ, ಸರ್ ಸರ್ ಅಂತ, ಅದೇ ಸದ್ದು. ಎಷ್ಟೋ ಸಲ ಆ ಸದ್ದು ಕೇಳುತ್ತ ಕೇಳುತ್ತ ಕಣ್ಣು ತೂಗಿ, ನಾನು ಎಲ್ಲಿದ್ದೇನೆ, ಯಾರ ಮನೆಯ ಅಂಗಳದಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ಚೀನಾದ ಕಡೆಯ ಒಬ್ಬ ಅಜ್ಜಿ. ಅವರ ಮೊಮ್ಮಗ ನಮ್ಮ ತಂಡದಲ್ಲೇ ಆಡುತ್ತಾನೆ. ಅವರ ಮಾತು ನನಗೆ ಬಾರದು, ನನ್ನ ಮಾತು ಅವರಿಗೆ ಬಾರದು, ಇಂಗ್ಲಿಷು ಇಬ್ಬರಿಗೂ ಬಾರದು. ನಾನು ಕೌದಿಯ ಅರ್ಧ ಅವರ ಮೊಣಕಾಲಿಗೆ ಹೊದಿಸಿದೆ, ಅವರು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟರು. ಅಲ್ಲಿಂದ ನಾವು ಗೆಳತಿಯರು.

ಆಟಗಳು ಶುರುವಾದ ಹೊಸದರಲ್ಲಿ, ದೋಸೆ ತಿನ್ನುತ್ತ ಕೂಸು ನನ್ನ ಹತ್ತಿರ ಒಂದು ಗುಟ್ಟು ಹೇಳಿದಳು.

"ಅಜ್ಜಿ, ಐ ವಾಂಟ್ ಒನ್ ಝೀರೋ. ಜಸ್ಟ್ ಒನ್."

"ಹಂಗಂದ್ರ ಏನವಾ?"

"ಒಂದು ಗೇಮ್. ಪೂರ್ತಿ ಗೇಮ್. ನನ್ನ ನೆಟ್ ಒಳಗೆ ನೋ ಗೋಲ್. ಬಿಗ್ ಝೀರೋ."

ನನಗೆ ನಗು ತಡೆಯಲಾಗಲಿಲ್ಲ. ನಾನು ಸಾಲಿಗೆ ಹೋದದ್ದು ಮೂರನೇ ಇಯತ್ತೆಯವರೆಗೆ. ಮಾಸ್ತರರು ನನ್ನ ಪಾಟಿಯ ಮೇಲೆ ಥಾಲಿಯಷ್ಟು ದೊಡ್ಡ ಸೊನ್ನೆ ಬರೆದು, "ತಗೋ, ಇದರಾಗ ಊಟಾ ಮಾಡು," ಅಂದಿದ್ದರು. ಮನೆಗೆ ಬರುವ ದಾರಿಯಲ್ಲೇ ಅದನ್ನು ಲಂಗದ ತುದಿಯಿಂದ ಒರೆಸಿ ಹಾಕಿದ್ದೆ. ಈಗ ನೋಡಿದರೆ ನನ್ನ ಮೊಮ್ಮಗಳು ಸೊನ್ನೆ ಬೇಕು ಅಂತ ಕನಸು ಕಾಣುತ್ತಿದ್ದಾಳೆ! ಕಥೆ ಕೇಳಿ ಅವಳೂ ಬಿದ್ದುಬಿದ್ದು ನಕ್ಕಳು. "ಸೊನ್ನೆ, ಸೊನ್ನೆ," ಅಂತ ಬಾಯಿತುಂಬ ಹೇಳಿ ಕಲಿತಳು.

ಅವರ ತಂಡದಲ್ಲಿ ಒಂದು ಪದ್ಧತಿಯಿದೆ. ಇಡೀ ಆಟ ಒಂದೂ ಗೋಲು ಬಿಡದಿದ್ದರೆ ಕೋಚು ಆ ದಿನದ ಬಿಲ್ಲೆಗೆ ಬಿಳಿ ಪಟ್ಟಿ ಸುತ್ತಿ, ಅದರ ಮೇಲೆ ಸೊನ್ನೆ ಬರೆದು ಕೊಡುತ್ತಾರೆ. ಕೂಸು ತನ್ನ ಕೋಣೆಯ ಪುಸ್ತಕದ ಶೆಲ್ಫಿನಲ್ಲಿ ಅದಕ್ಕೆಂದು ಅಂಗೈಯಗಲದ ಜಾಗ ಬಿಡಿಸಿ ಇಟ್ಟಿದ್ದಳು. ಆಚೀಚೆ ಪುಸ್ತಕ ಒತ್ತಿಕೊಂಡಿದ್ದರೂ ಅಲ್ಲಿ ಏನೂ ಇಡಲು ಬಿಡುತ್ತಿರಲಿಲ್ಲ. ದಿನಾ ಆ ಖಾಲಿ ಜಾಗದ ಧೂಳು ಒರೆಸುವುದು ನನ್ನ ಕೆಲಸವಾಯಿತು. ಒರೆಸುತ್ತ, "ಬಾರವ್ವಾ," ಅಂತ ಕರೆಯುತ್ತಿದ್ದೆ.

ಬರಲಿಲ್ಲ. ಒಂದು ವಾರ ನಾಲ್ಕು ಗೋಲು ಒಳಗೆ ಹೋದವು, ಮುಂದಿನ ವಾರ ಎರಡು. ಮೊದಮೊದಲು ನಾನಂತೂ ಎದುರಿನವರು ಬಿಲ್ಲೆ ಹೊಡೆದುಕೊಂಡು ನಮ್ಮ ಬಲೆಯ ಕಡೆ ನುಗ್ಗಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದೆ. ಎಲ್ಲರೂ ನನ್ನ ಕೂಸಿನ ಹತ್ತಿರವೇ ಬರುತ್ತಾರಲ್ಲ ಎಂಬ ಹಿಗ್ಗು.

"ಅತ್ತೆ, ಅವ್ರು ಬರ್ತಿರೋದು ಅವಳನ್ನ ಮಾತಾಡ್ಸೋಕಲ್ಲ, ಗೋಲ್ ಹೊಡೆಯೋಕೆ," ಅಂದರು ಅಳಿಯಂದಿರು. ಅವರು ಮೈಸೂರಿನವರು, ಬೈಯುವುದನ್ನೂ ಬೆಣ್ಣೆ ಹಚ್ಚಿಯೇ ಹೇಳುತ್ತಾರೆ.

"ಬರ್ಲಿ ಬಿಡ್ರಿ. ಬಂದ್ರ ತಾನ ನಮ್ಮಾಕಿ ತಡ್ಯೂದು!"

ಜನವರಿಯ ಒಂದು ಶನಿವಾರ ಹೊರಗೆ ಮಳೆ ಹಿಡಿದಿತ್ತು. ಆ ದಿನ ಕೂಸಿನ ಕೈಕಾಲಿಗೆ ಏನು ಬಂದಿತ್ತೋ, ಬಂದ ಬಿಲ್ಲೆಯನ್ನೆಲ್ಲ ತಡೆಯುತ್ತಿದ್ದಳು. ಆಟದ ಕೊನೆಯ ಭಾಗ ಬಂತು. ಬೋರ್ಡಿನ ಮೇಲೆ ಎದುರಿನವರ ಕಡೆ ಕೆಂಪಗೆ ಸೊನ್ನೆ ಹೊಳೆಯುತ್ತಿತ್ತು. ಸೀಟಿ ಊದಿ ಆಟ ನಿಲ್ಲಿಸಿದ್ದರು, ಇಡೀ ಕಟ್ಟಡದಲ್ಲಿ ಸದ್ದಿರಲಿಲ್ಲ. ನನಗೆ ಒಳಗೆ ಉಕ್ಕಿ ಉಕ್ಕಿ ಬಂತು. ಎದ್ದು ನಿಂತು ಕೂಗಿಬಿಟ್ಟೆ:

"ಸೊನ್ನಿ ಐತಿ! ಇನ್ನೂ ಸೊನ್ನೀನ ಐತಿ ನನ್ನ ಬಂಗಾರಾ!"

ಮುಖವಾಡ ನನ್ನ ಕಡೆ ತಿರುಗಿತು. ಆಟ ಮತ್ತೆ ಶುರುವಾಯಿತು, ಕೋಲಿಗೆ ಕೋಲು ತಾಗಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಬಿಲ್ಲೆ ಅವಳ ಎರಡು ಕಾಲಿನ ನಡುವಿಂದ ಒಳಗೆ ಹೋಯಿತು.

ತಂಡ ಗೆದ್ದಿತು. ಆದರೆ ಕಾರಿನಲ್ಲಿ ಕೂಸು ನನ್ನ ಭುಜಕ್ಕೆ ತಲೆ ಕೊಡದೆ ಕಿಟಕಿಯ ಕಡೆ ತಿರುಗಿ ಕೂತಳು. ಅಲ್ಲಿಂದಲೇ ಅಂದಳು, "ಅಜ್ಜಿ, ಯೂ ಸೆಡ್ ಇಟ್."

"ಏನಂದೆ?"

"ಆ ವರ್ಡ್. ಗೇಮ್ ಮುಗಿಯೋ ತನಕ ಯಾರೂ ಹೇಳಲ್ಲ. ನೋಬಡಿ. ಕೋಚ್ ಕೂಡ ಹೇಳಲ್ಲ."

"ಅತ್ತೆ, ನಾನು ಮೊದಲೇ ಹೇಳ್ಬೇಕಿತ್ತು," ಅಂದರು ಅಳಿಯಂದಿರು. "ಇದು ಹಾಕಿಯವರ ಮಡಿ."

ನಾನು ಬೆರಗಾಗಿ ಕೂತೆ. ಬಳೆ ಒಡೆದರೆ ಒಡೆಯಿತು ಅನ್ನದೆ ಹೆಚ್ಚಿತು ಅನ್ನುವವಳು ನಾನು. ದೀಪ ಆರಿದರೆ ಶಾಂತವಾಯಿತು ಅನ್ನಬೇಕು, ಹೊರಡುವಾಗ ಹೋಗುತ್ತೇನೆ ಅನ್ನದೆ ಬರುತ್ತೇನೆ ಅನ್ನಬೇಕು. ಈ ಕೂಸು ಹುಟ್ಟಿದಾಗ ನೋಡಲು ಬಂದವರು "ದುಂಡಗೈತಿ" ಅನ್ನಲು ಬಾಯಿ ತೆರೆದರೆ ಅವರ ಬಾಯಿಗೆ ಸಕ್ಕರೆ ಹಾಕಿ ಮುಚ್ಚಿಸಿದ್ದೆ. ಅಂಥ ನಾನೇ ತುಂಬಿದ ಸಭೆಯಲ್ಲಿ ನನ್ನ ಕೂಸಿನ ಒಳ್ಳೆಯದನ್ನು ಕೂಗಿ ಹೇಳಿದ್ದೆ! ಇವೆಲ್ಲ ನಮ್ಮವು, ಈ ದೇಶದವರಿಗೆ ಯಾವ ಮಡಿ, ಯಾವ ದೃಷ್ಟಿ ಅಂದುಕೊಂಡಿದ್ದೆನಲ್ಲ, ಅದೇ ತಪ್ಪು.

ಬಳೆಯದು, ದೀಪದ್ದು, ಎಲ್ಲ ಅವಳಿಗೆ ಹೇಳಿದೆ. ಮೂಗು ಒರೆಸಿಕೊಳ್ಳುತ್ತ ಕೇಳಿದಳು.

"ಸೋ ನಿಮಗೂ ಸೇಮ್ ರೂಲ್?"

"ನಮ್ದ ರೂಲು. ಇವ್ರು ಎಲ್ಲಿಂದ ಕಲ್ತ್ರೋ ಗೊತ್ತಿಲ್ಲ."

"ಅವ್ವಾ, ಇನ್ನ ಮ್ಯಾಲೆ ನಿನ್ನ ಬಾಯಿಗೇ ಸಕ್ರಿ ಹಾಕ್ಬೇಕು ನೋಡ," ಅಂದಳು ಮುಂದಿನ ಸೀಟಿನಿಂದ ನನ್ನ ಮಗಳು. ಆಗ ಎಲ್ಲರಿಗೂ ನಗು ಬಂತು, ಕೂಸಿಗೂ.

ಅಂದಿನಿಂದ ನಮ್ಮ ಮನೆಯಲ್ಲಿ ಆ ಮಾತು ಬಂದ್. ಎಲ್ಲರೂ 'ಅದು' ಅನ್ನುತ್ತಿದ್ದೆವು. "ಈ ವಾರ ಅದು ಬರ್ತದೇನು?" ಅಂತ. ಒಂದು ದಿನ ಕೂಸಿನ ಕೈಯಿಂದ ಗಾಜಿನ ಲೋಟ ಜಾರಿ ಬಿತ್ತು. ಅಡಿಗೆಮನೆಯಿಂದ ಕೂಗಿದಳು, "ಅಜ್ಜೀ, ಗ್ಲಾಸ್ ಹೆಚ್ಚಿತು!" ಚೂರು ಬಳಿಯುತ್ತ ನಾನು ಒಬ್ಬಳೇ ನಕ್ಕೆ. ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿಯ ಬಾಯಲ್ಲಿ ನನ್ನ ತಾಯಿಯ ಮಾತು.

ಆದರೂ ಅದು ಬರಲಿಲ್ಲ. ಫೆಬ್ರವರಿ ಬಂತು, ಗುಡ್ಡಗಳು ಹಸಿರಾದವು, ದಾರಿಯ ಬದಿಗೆ ಸಾಸಿವೆ ಹೂ ಹಳದಿಯಾಗಿ ಚೆಲ್ಲಿಕೊಂಡವು. ಕೂಸು ಆಟ ಮುಗಿಸಿ ಬಂದು ಸ್ನಾನ ಮಾಡಿ, ಶೆಲ್ಫಿನ ಎದುರು ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು. ಮುಂದಿನ ವರ್ಷ ದೊಡ್ಡ ಮಕ್ಕಳ ಗುಂಪಿಗೆ ಹೋಗಬೇಕು. ಅಲ್ಲಿ ಬಲೆ ಕಾಯಲು ಬೇರೆಯವರಿದ್ದಾರೆ, ಇವಳಿಗೆ ಆ ಜಾಗ ಸಿಗುತ್ತದೋ ಇಲ್ಲವೋ. ಕೊನೆಗೆ ಉಳಿದದ್ದು ಒಂದೇ ಆಟ.

ಅಂದು ಬೆಳಿಗ್ಗೆ ಹೊರಡುವ ಮುಂಚೆ ಅವಳು ನನ್ನ ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿದಳು. "ಅಜ್ಜಿ, ಪ್ರಾಮಿಸ್?" ಬಾಯಿ ತೆರೆಯದೆ ತಲೆ ಆಡಿಸಿದೆ.

ಮೊದಲ ಭಾಗ ಮುಗಿಯಿತು, ಎರಡನೆಯದೂ ಮುಗಿಯಿತು. ನಮ್ಮ ಬಲೆಯೊಳಗೆ ಏನೂ ಹೋಗಲಿಲ್ಲ. ಎದುರಿನ ಬಲೆಯೊಳಗೂ ಹೋಗಲಿಲ್ಲ. ಆ ತುದಿಯಲ್ಲಿ ನಿಂತಿದ್ದ ಹುಡುಗ ನಮ್ಮವಳಷ್ಟೇ ಎತ್ತರ. ಮುಖವಾಡ ಸರಿಸಿ ನೀರು ಕುಡಿಯುವಾಗ ನೋಡಿದೆ, ಮುಂದಿನ ಒಂದು ಹಲ್ಲಿಲ್ಲ. ಅವನ ಮನೆಯಲ್ಲೂ ಒಂದು ಖಾಲಿ ಜಾಗ ಇರಬಹುದಲ್ಲ ಅನ್ನಿಸಿತು. ಗೆಲ್ಲಲಿ ಅಂತ ಬೇಡಿಕೊಳ್ಳಲು ಹೊರಟ ಮನಸ್ಸು ಅರ್ಧಕ್ಕೆ ನಿಂತಿತು. ದೇವರೇ, ಗೆಲುವು ನೀನೇ ಇಟ್ಟುಕೋ, ಈ ಎರಡು ಕೂಸುಗಳಿಗೂ ಅದನ್ನು ಕೊಡು ಅಂದೆ.

ಕೊನೆಯ ಭಾಗದಲ್ಲಿ ಬೆಂಚಿನ ಮೇಲೆ ಯಾರೂ ಮಾತಾಡಲಿಲ್ಲ. ಬೋರ್ಡನ್ನು ಯಾರೂ ನೋಡಲಿಲ್ಲ. ಮಗಳು ಚಪ್ಪಲಿಯ ಉಂಗುಟ ನೋಡುತ್ತಿದ್ದಳು, ಅಳಿಯಂದಿರು ಮೇಲಿನ ತಗಡು. ಆ ಅಜ್ಜಿ ಕೌದಿಯ ಕೆಳಗೆ ನನ್ನ ಕೈ ಹಿಡಿದುಕೊಂಡರು. ಅವರೂ ತುಟಿ ಬಿಗಿದಿದ್ದರು. ಅವರ ಊರಿನಲ್ಲೂ ಹೇಳಬಾರದ ಮಾತುಗಳಿರಬೇಕು. ನನಗೆ ಆ ಹೊತ್ತು ಕನಸಿನ ಹಾಗೆ ಕಾಣತೊಡಗಿತು. ಬಿಳಿ ನೆಲದ ಮೇಲೆ ಮಕ್ಕಳು ಸದ್ದಿಲ್ಲದೆ ತೇಲುತ್ತಿದ್ದಾರೆ, ಬಳ್ಳಿಯ ಮೇಲೆ ಬಳ್ಳಿ ಎಳೆಯುತ್ತಿದ್ದಾರೆ, ನಡುವೆ ನನ್ನ ಕೂಸು ಒಂದೇ ಒಂದು ಚುಕ್ಕಿಯಾಗಿ ನಿಂತಿದ್ದಾಳೆ.

ಇನ್ನೇನು ಮುಗಿಯಿತು ಅನ್ನುವಾಗ ಎದುರಿನವರೆಲ್ಲ ಒಟ್ಟಿಗೆ ನುಗ್ಗಿ ಬಂದರು. ನಮ್ಮವರೂ ಬಂದು ಬಿದ್ದರು. ಬಲೆಯ ಎದುರು ಮಕ್ಕಳ ರಾಶಿ. ಕೋಲುಗಳು, ಕಾಲುಗಳು, ಕೂಸು ಎಲ್ಲೂ ಕಾಣಲಿಲ್ಲ. ಅಷ್ಟರಲ್ಲಿ ಆಟ ಮುಗಿದ ಗಂಟೆ ಹೊಡೆಯಿತು.

ಸೀಟಿ ಊದುವವನು ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿದ. ಎಲ್ಲರ ಅಡಿಗೆ ಬೋರಲಾಗಿ ನಮ್ಮವಳು. ಅವಳ ಚಾಚಿದ ಕೈ ಬಲೆಯ ಬಾಯಿಗೆ ಎಳೆದ ಗೆರೆಯ ಈಚೆಗೇ ಇತ್ತು, ಕೈಗವಸು ಮುಚ್ಚಿತ್ತು. ಅವನು ಮೊಣಕಾಲೂರಿ ಅದನ್ನು ಬಿಡಿಸಿದ. ಒಳಗೆ ಕರಿ ಬಿಲ್ಲೆ, ಗೂಡಿನಲ್ಲಿ ಮಲಗಿದ ಹಾಗೆ. ಅವನು ಎರಡೂ ಕೈ ಅಗಲಿಸಿ, ಗೋಲಿಲ್ಲ ಅಂತ ತೋರಿಸಿದ.

ನಮ್ಮದೂ ಅದು, ಅವರದೂ ಅದು. ಯಾರೂ ಗೆಲ್ಲಲಿಲ್ಲ. ಹಲ್ಲಿಲ್ಲದ ಆ ಹುಡುಗ ಅಷ್ಟು ದೂರದಿಂದ ಜಾರಿಕೊಂಡು ಬಂದು ತನ್ನ ಕೋಲಿನಿಂದ ನಮ್ಮವಳ ಕಾಲಿನ ಪಟ್ಟಿಗೆ ಮೆಲ್ಲಗೆ ತಟ್ಟಿದ. ಇವಳೂ ತಟ್ಟಿದಳು. ನಾನು ಮಾತ್ರ ಹಾಗೇ ಬಾಯಿ ಮುಚ್ಚಿ ಕೂತಿದ್ದೆ, ಕಣ್ಣಿಂದ ನೀರು ಸುರಿಯುತ್ತಿತ್ತು.

ಅವಳು ಸೀದಾ ನಾನು ಕೂತಿದ್ದ ಕಡೆಗೆ ಬಂದಳು. ಐಸಿನ ಬಾಗಿಲು ತೆರೆದು, ಮುಖವಾಡ ಹಣೆಗೇರಿಸಿ ಕೂಗಿದಳು:

"ಅಜ್ಜೀ! ಈಗ ಹೇಳು!"

"ಸೊನ್ನೀ!" ಅಂದೆ. ಮೇಲಿನ ತಗಡಿಗೆ ಹೋಗಿ ತಾಗಿ ತಿರುಗಿ ಬಂತು. "ಸೊನ್ನೀ! ಸೊನ್ನಿ ಹೊಡದ್ಲು ನನ್ನ ಮೊಮ್ಮಗಳು!" ಮಗಳು ನಾಚಿಕೊಳ್ಳಲಿಲ್ಲ, ಅವಳೂ ಕೂಗಿದಳು. ಅಳಿಯಂದಿರು ಶಿಳ್ಳೆ ಹಾಕಿದರು. ಆ ಅಜ್ಜಿ ನನ್ನ ಬಾಯಿ ನೋಡಿ ನೋಡಿ, "ಸೋನ್ನಿ, ಸೋನ್ನಿ," ಅಂತ ಕೌದಿ ಬೀಸಿದರು. ಏನೆಂದು ತಿಳಿಯದ ಜನರೆಲ್ಲ ಎದ್ದು ಚಪ್ಪಾಳೆ ತಟ್ಟಿದರು.

ಗಾಡಿ ಬಂದು ಐಸನ್ನು ಸಾರಿಸಿ ರಂಗೋಲಿಯನ್ನೆಲ್ಲ ಅಳಿಸಿಕೊಂಡು ಹೋಯಿತು. ನಾವು ಬಾಗಿಲು ದಾಟಿ ಬಿಸಿಲಿಗೆ ಬಂದೆವು.

ಈಗ ಶೆಲ್ಫಿನ ಆ ಜಾಗದಲ್ಲಿ ಬಿಲ್ಲೆ ಕೂತಿದೆ. ಬಿಳಿ ಪಟ್ಟಿಯ ಮೇಲಿನ ಸೊನ್ನೆ ಪೂರ್ತಿ ದುಂಡಗಿಲ್ಲ, ಕೋಚು ಅವಸರದಲ್ಲಿ ಬರೆದಿದ್ದಾರೆ. ಮೊದಲು ಅಲ್ಲಿ ಬಟ್ಟೆ ಹಾಗೇ ಎಳೆದರೆ ಆಗುತ್ತಿತ್ತು. ಈಗ ಅದನ್ನು ಎತ್ತಿ, ಸೆರಗಿನಲ್ಲಿ ಹಿಡಿದುಕೊಂಡು, ಅಡಿಯ ಧೂಳು ತೆಗೆದು ಮತ್ತೆ ಇಡಬೇಕು. ಒಂದು ಕೆಲಸ ಹೆಚ್ಚಾಯಿತು.